ಬಾಗಿಲು, ಕುರ್ಚಿ, ಶೂ ಸದ್ದು: ಜಾಕ್ ತಾತಿಯ ಆರು ಸಿನಿಮಾಗಳ ಬ್ಲೂರೇ ಸೆಟ್ ನೋಡಿದ ಮೇಲೆ

ಕಡಲ ತೀರದ ಒಂದು ಸಣ್ಣ ಹೋಟೆಲು. ಊಟದ ಕೋಣೆಗೂ ಅಡುಗೆಮನೆಗೂ ನಡುವೆ ಎರಡೂ ಕಡೆಗೆ ತೂಗಾಡುವ ಒಂದು ಬಾಗಿಲು. ವೇಟರ್ ತಟ್ಟೆ ಹಿಡಿದು ಒಳಗೆ ಹೋದರೆ ‘ಡೊಂಯ್’. ಹೊರಗೆ ಬಂದರೆ ಮತ್ತೆ ‘ಡೊಂಯ್’. ದಪ್ಪ ತಂತಿಯನ್ನು ಯಾರೋ ಎಳೆದು ಬಿಟ್ಟ ಹಾಗೆ. ಅಷ್ಟೇ. ಯಾರೂ ಜಾರಿ ಬೀಳುವುದಿಲ್ಲ, ಯಾರ ಮೂಗಿಗೂ ಬಾಗಿಲು ಬಡಿಯುವುದಿಲ್ಲ, ಅಲ್ಲಿ ಕೂತು ಊಟ ಮಾಡುವವರು ಅದನ್ನು ಗಮನಿಸುವುದೂ ಇಲ್ಲ. ಆದರೆ ಮೂರನೇ ಸಲ ಆ ಸದ್ದು ಬಂದಾಗ ನನಗೆ ನಗು ತಡೆಯಲು ಆಗಲಿಲ್ಲ. ಐದನೇ ಸಲಕ್ಕೆ ಪಕ್ಕದ ಕೋಣೆಯಿಂದ ತಂಗಿ ಎದ್ದು ಬಂದು "ಏನಕ್ಕಾ ಅದು ಸದ್ದು?" ಅಂತ ಕೇಳಿದಳು. ಅಲ್ಲೇ ಕೂತಳು. ಸಿನಿಮಾ ಮುಗಿಯುವವರೆಗೂ ಏಳಲಿಲ್ಲ.

ಇದು 1953ರ ಫ್ರೆಂಚ್ ಸಿನಿಮಾ, ‘ಲೆ ವಕಾನ್ಸ್ ದ ಮಸ್ಯೂ ಉಲೋ’. ಅಂದರೆ ಉಲೋ ಅನ್ನುವವನ ರಜೆ. ನಿರ್ದೇಶನ ಜಾಕ್ ತಾತಿ ಅವರದು, ಉಲೋ ಪಾತ್ರ ಮಾಡಿದವರೂ ಅವರೇ. ಅವರು ಮಾಡಿದ ಪೂರ್ಣ ಉದ್ದದ ಸಿನಿಮಾಗಳು ಬರೀ ಆರು. 1949ರ ‘ಜೂರ್ ದ ಫೆತ್’ನಿಂದ ಶುರುವಾಗಿ 1974ರ ‘ಪರಾದ್’ವರೆಗೆ, ಕಾಲು ಶತಮಾನಕ್ಕೆ ಆರೇ ಆರು. ಆ ಆರೂ ಸಿನಿಮಾ, ಜೊತೆಗೆ ಕೆಲವು ಕಿರುಚಿತ್ರಗಳೂ ಇರುವ ಬ್ಲೂರೇ ಸೆಟ್ ತೆಗೆದುಕೊಂಡು ಎರಡು ತಿಂಗಳಾಯಿತು. ಎಲ್ಲವನ್ನೂ ಎರಡೆರಡು ಸಲ ನೋಡಿದೆವು. ‘ಪ್ಲೇಟೈಮ್’ ಮಾತ್ರ ಮೂರು ಸಲ. ತೆಗೆದುಕೊಳ್ಳಬೇಕಾ ಬೇಡವಾ ಅಂತ ಯೋಚನೆಯಲ್ಲಿ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ತೆಗೆದುಕೊಳ್ಳಿ. ಆದರೆ ಟಿವಿಯ ಜೊತೆ ಒಳ್ಳೆಯ ಸ್ಪೀಕರ್ ಇಲ್ಲದಿದ್ದರೆ ಮೊದಲು ಅದಕ್ಕೊಂದು ದಾರಿ ಮಾಡಿಕೊಳ್ಳಿ, ಅದೂ ಆಗದಿದ್ದರೆ ಒಂದು ಒಳ್ಳೆಯ ಹೆಡ್‌ಫೋನ್ ಆದರೂ ಇರಲಿ. ಈ ಸಿನಿಮಾಗಳಲ್ಲಿ ತಮಾಷೆ ಎಷ್ಟೋ ಸಲ ಮೊದಲು ಕಿವಿಗೆ ಬರುತ್ತದೆ, ಕಣ್ಣು ಆಮೇಲೆ ಹುಡುಕಿಕೊಂಡು ಹೋಗುತ್ತದೆ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ‘ಪ್ಲೇಟೈಮ್’ ಅನ್ನು ಫೋನಿನಲ್ಲಿ ನೋಡಲು ಹೋಗಿ ಇಪ್ಪತ್ತೇ ನಿಮಿಷಕ್ಕೆ ನಿಲ್ಲಿಸಿದ್ದೆ. ಬೂದು ಬಣ್ಣದ ಕಟ್ಟಡಗಳು, ಅತ್ತಿಂದಿತ್ತ ಓಡಾಡುವ ಜನ, ಕಥೆ ಅಂತ ಏನೂ ಇಲ್ಲ, ಯಾರ ಮುಖವೂ ಹತ್ತಿರದಿಂದ ಕಾಣುವುದಿಲ್ಲ. ಆ ಕಾಪಿಯಲ್ಲಿ ಸೌಂಡ್ ಎಲ್ಲಾ ಒಂದೇ ಮಟ್ಟದಲ್ಲಿ ಗೊಜಗೊಜ ಅನ್ನುತ್ತಿತ್ತು. ಈಗ ದೊಡ್ಡ ಪರದೆಯಲ್ಲಿ, ಎಡಕ್ಕೂ ಬಲಕ್ಕೂ ಬೇರೆ ಬೇರೆ ಸ್ಪೀಕರ್ ಇಟ್ಟುಕೊಂಡು ನೋಡಿದರೆ ಅದೇ ಇಪ್ಪತ್ತು ನಿಮಿಷ ಇಡೀ ಸೆಟ್‌ನಲ್ಲೇ ನನಗೆ ಅತಿ ಇಷ್ಟವಾದ ಭಾಗ ಆಯಿತು.

ಆ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಉಲೋ ಪ್ಯಾರಿಸ್‌ನ ಒಂದು ಹೊಸ ಆಫೀಸ್ ಕಟ್ಟಡಕ್ಕೆ ಯಾರನ್ನೋ ನೋಡಲು ಬರುತ್ತಾನೆ. ಬಾಗಿಲಲ್ಲಿ ವಯಸ್ಸಾದ ಒಬ್ಬ ಕಾವಲುಗಾರ. ಅವನ ಮುಂದೆ ಗುಂಡಿಗಳೂ ದೀಪಗಳೂ ತುಂಬಿದ ಒಂದು ದೊಡ್ಡ ಫಲಕ. ಒಂದೊಂದು ಗುಂಡಿ ಒತ್ತಿದಾಗಲೂ ಒಂದೊಂದು ಥರ ಕೀಂ ಕೀಂ, ಟಿಂಯ್ ಟಿಂಯ್. ಆಮೇಲೆ ಇಬ್ಬರೂ ಕಾಯುತ್ತಾರೆ. ಪರದೆಯ ಬಲಗಡೆ ಉದ್ದಕ್ಕೆ ಹೋಗುವ ಒಂದು ಕಾರಿಡಾರ್, ಕೊನೆ ಕಾಣಿಸದಷ್ಟು ಉದ್ದ. ಆ ತುದಿಯಿಂದ ‘ಟಕ್ ಟಕ್ ಟಕ್ ಟಕ್’ ಅಂತ ಶೂ ಸದ್ದು ಶುರುವಾಗುತ್ತದೆ. ಸದ್ದು ಜೋರಾಗಿಯೇ ಇದೆ, ಆದರೆ ಮನುಷ್ಯ ಕಡ್ಡಿಯಷ್ಟು ಸಣ್ಣಕ್ಕೆ ಕಾಣುತ್ತಾನೆ. ಉಲೋ ಎದ್ದು ನಿಲ್ಲಲು ಹೋಗುತ್ತಾನೆ. ಇನ್ನೂ ದೂರ ಇದೆ, ಕೂತಿರಿ ಅಂತ ಕಾವಲುಗಾರ ಕೈಯಲ್ಲೇ ತಡೆಯುತ್ತಾನೆ. ಟಕ್ ಟಕ್ ಬರುತ್ತಲೇ ಇದೆ. ಬರುತ್ತಲೇ ಇದೆ. ದೊಡ್ಡ ಆಫೀಸಿನಲ್ಲಿ ದೊಡ್ಡ ಸಾಹೇಬರಿಗಾಗಿ ಕಾದ ಎಲ್ಲರಿಗೂ ಆ ಎದೆಬಡಿತ ಗೊತ್ತು, ಅಲ್ವಾ? ಒಂದು ಮಾತೂ ಇಲ್ಲದೆ, ಬರೀ ಶೂ ಸದ್ದಿನಲ್ಲಿ, ಎದ್ದು ನಿಲ್ಲಬೇಕಾ ಬೇಡವಾ ಅನ್ನುವ ಆ ಮುಜುಗರವನ್ನು ಅಷ್ಟು ಹೊತ್ತು ಎಳೆದು ತೋರಿಸಿದ್ದಾರೆ.

ಅಲ್ಲಿಂದ ಉಲೋನನ್ನು ಒಂದು ಗಾಜಿನ ಕೋಣೆಯಲ್ಲಿ ಕೂರಿಸುತ್ತಾರೆ. ಕಪ್ಪು ರೆಕ್ಸಿನ್ನಿನ ಹೊಸ ಫ್ಯಾಶನ್ ಕುರ್ಚಿಗಳು. ಕೂತರೆ ‘ಪುಸ್ಸ್’ ಅಂತ ಗಾಳಿ ಹೋಗುತ್ತದೆ. ಎದ್ದರೆ ಅಮುಕಿದ ಗುಳಿ ನಿಧಾನಕ್ಕೆ ಮೇಲೆ ಬಂದು ‘ಪೊಪ್’ ಅನ್ನುತ್ತದೆ, ಕುರ್ಚಿ ಉಸಿರು ತೆಗೆದುಕೊಂಡ ಹಾಗೆ. ಉಲೋ ಬೆರಳಲ್ಲಿ ಒತ್ತಿ ನೋಡುತ್ತಾನೆ. ಮತ್ತೆ ಕೂರುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಬರುತ್ತಾನೆ, ತುಂಬಾ ಚುರುಕಾದ ವ್ಯಾಪಾರಸ್ಥ. ಅವನ ಬ್ಯಾಗಿನ ಜಿಪ್ ‘ಝರ್’. ಕಾಗದದ ಮೇಲೆ ಪೆನ್ನು ‘ಸರ್’. ಪ್ಯಾಂಟ್ ಮೇಲಿನ ಇಲ್ಲದ ಧೂಳು ಕೊಡವಿಕೊಂಡರೆ ‘ಟಪ್ ಟಪ್’. ಮನುಷ್ಯ ಒಂದು ಮಾತೂ ಆಡುವುದಿಲ್ಲ. ಆದರೆ ಎರಡು ನಿಮಿಷದಲ್ಲಿ ಅವನು ಎಂಥವನು, ದಿನ ಹೇಗೆ ಕಳೆಯುತ್ತಾನೆ, ಎಲ್ಲಾ ನಮಗೆ ಗೊತ್ತಾಗುತ್ತದೆ. ತಂಗಿ ಈ ದೃಶ್ಯವನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದಳು. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿದಳು, ಆಗಲೂ ನಕ್ಕಳು.

ಇದು ಹೇಗೆ ಸಾಧ್ಯವಾಯಿತು ಅಂದರೆ, ತಾತಿ ಶೂಟಿಂಗ್ ವೇಳೆಯ ಸೌಂಡ್ ಅನ್ನು ನಂಬಿ ಕೂರುತ್ತಿರಲಿಲ್ಲ. ಚಿತ್ರ ಮೊದಲು, ಸದ್ದು ಆಮೇಲೆ. ಹೆಜ್ಜೆ, ಬಾಗಿಲು, ಲೋಟ, ನೀರು, ಮಾತು, ಎಲ್ಲವನ್ನೂ ಸ್ಟುಡಿಯೋದಲ್ಲಿ ಬೇರೆಯಾಗಿ ಮಾಡಿ ಕೂಡಿಸುತ್ತಿದ್ದರು. ಹಾಗಾಗಿ ಐವತ್ತು ಜನ ಇರುವ ಹಾಲ್‌ನಲ್ಲಿ ನಮಗೆ ಒಬ್ಬರ ಶೂ ಮಾತ್ರ ಕೇಳಬಹುದು. ಆ ಶೂ ಎಲ್ಲಿದೆಯೋ ಅಲ್ಲಿಗೆ ನಮ್ಮ ಕಣ್ಣು ಹೋಗುತ್ತದೆ. ಬೇರೆ ನಿರ್ದೇಶಕರು ಕ್ಯಾಮೆರಾ ಹತ್ತಿರ ತಂದು "ಇಲ್ಲಿ ನೋಡಿ" ಅನ್ನುತ್ತಾರೆ. ತಾತಿ ದೂರದಲ್ಲೇ ಕ್ಯಾಮೆರಾ ಇಟ್ಟು, ಒಂದು ಸಣ್ಣ ಸದ್ದು ಮಾಡಿ ಕರೆಯುತ್ತಾರೆ. ಮಾತಿಗೂ ಇಲ್ಲಿ ವಿಶೇಷ ಮರ್ಯಾದೆ ಇಲ್ಲ. ಜನ ಮಾತಾಡುತ್ತಾರೆ, ಆದರೆ ಅರ್ಧ ಗೊಣಗಾಟ, ಅರ್ಧ ಗಾಳಿಯಲ್ಲಿ ತೇಲಿಹೋದ ಮಾತು. ಉಲೋನ ರಜೆಯ ಸಿನಿಮಾ ಶುರುವಿನಲ್ಲೇ ರೈಲ್ವೆ ಸ್ಟೇಷನ್ನಿನ ಲೌಡ್‌ಸ್ಪೀಕರ್ ಏನೋ ಹೇಳುತ್ತದೆ. ಗರಗರ ಅನ್ನುವುದು ಬಿಟ್ಟು ಒಂದಕ್ಷರವೂ ತಿಳಿಯುವುದಿಲ್ಲ. ಜನ ಗಂಟುಮೂಟೆ ಹೊತ್ತುಕೊಂಡು ಈ ಪ್ಲಾಟ್‌ಫಾರ್ಮಿನಿಂದ ಆ ಪ್ಲಾಟ್‌ಫಾರ್ಮಿಗೆ, ಅಲ್ಲಿಂದ ಇನ್ನೊಂದಕ್ಕೆ ಓಡುತ್ತಾರೆ. ಆ ಗರಗರ ಯಾವ ದೇಶದವರಿಗೂ ಅರ್ಥವಾಗುತ್ತದೆ.

ಹಾಗಂತ ಬರೀ ಸದ್ದೇ ಇದೆ, ಬಿದ್ದು ಏಳುವ ತಮಾಷೆ ಇಲ್ಲ ಅಂದುಕೊಳ್ಳಬೇಡಿ. ತಾತಿ ಸಿನಿಮಾಕ್ಕೆ ಬರುವ ಮುಂಚೆ ರಗ್ಬಿ ಆಡಿದವರು. ಆಮೇಲೆ 1930ರ ದಶಕದಲ್ಲಿ ಪ್ಯಾರಿಸ್‌ನ ಮ್ಯೂಸಿಕ್ ಹಾಲ್‌ಗಳಲ್ಲಿ, ಅಂದರೆ ಹಾಡು, ಕುಣಿತ, ತಮಾಷೆ ಎಲ್ಲಾ ನಡೆಯುವ ರಂಗಮಂದಿರಗಳಲ್ಲಿ, ಆಟಗಾರರನ್ನು ಮೂಕಾಭಿನಯ ಮಾಡಿ ತೋರಿಸುತ್ತಿದ್ದರು. ಮೈಮೇಲೆ ಅವರಿಗೆ ಇದ್ದ ಹಿಡಿತ ನೋಡಿದರೆ ಇದು ಗೊತ್ತಾಗುತ್ತದೆ. ಉಲೋ ಎತ್ತರದ ಆಸಾಮಿ. ಬಾಯಲ್ಲಿ ಪೈಪು, ಮೋಟು ಪ್ಯಾಂಟು, ಮೈ ಮುಂದಕ್ಕೆ ವಾಲಿದ ನಡಿಗೆ, ಗಾಳಿ ಬಂದರೆ ಈಗಲೋ ಆಗಲೋ ಬಿದ್ದೇ ಬಿಡುತ್ತಾನೆ ಅನ್ನಿಸುತ್ತದೆ, ಆದರೆ ಬೀಳುವುದಿಲ್ಲ. ಹೋಟೆಲಿಗೆ ಬಂದವನು ಪೈಪ್ ಕಚ್ಚಿಕೊಂಡೇ ಹೆಸರು ಹೇಳುತ್ತಾನೆ, ಏನೂ ತಿಳಿಯುವುದಿಲ್ಲ. ಹೋಟೆಲಿನವನೇ ಕೈ ಚಾಚಿ ಪೈಪ್ ತೆಗೆದಾಗ "ಉಲೋ" ಅನ್ನುವುದು ಸ್ಪಷ್ಟವಾಗಿ ಬರುತ್ತದೆ. ಟೆನಿಸ್ ಆಡಲು ನಿಂತರೆ ರಾಕೆಟ್ಟನ್ನು ಮುಂದಕ್ಕೆ ತಳ್ಳಿ, ಹಿಂದಕ್ಕೆ ಎಳೆದು, ಪಟ್ ಅಂತ ಹೊಡೆಯುವ ಒಂದೇ ವರಸೆ, ಅದನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ಅವನ ಕಾರಿನ ಟೈರ್ ಟ್ಯೂಬಿಗೆ ಒದ್ದೆ ಎಲೆ ಅಂಟಿಕೊಳ್ಳುತ್ತದೆ. ಸ್ಮಶಾನದಲ್ಲಿ ಅಂತ್ಯಕ್ರಿಯೆಗೆ ಬಂದವರು ಅದನ್ನು ಹೂವಿನ ಚಕ್ರ ಅಂದುಕೊಂಡು ತೂಗುಹಾಕುತ್ತಾರೆ. ಆಮೇಲೆ ಆ ಗಂಭೀರ ಮೌನದಲ್ಲಿ ಗಾಳಿ ಹೋಗಲು ಶುರು, ‘ಸ್ಸ್ಸ್ಸ್’. ಕಣ್ಣಿನ ತಮಾಷೆಯನ್ನು ಪೂರ್ತಿ ಮಾಡುವುದು ಆ ಸದ್ದು.

ಇನ್ನು 1958ರ ‘ಮೊನ್ ಓಂಕ್ಲ್’. ಓಂಕ್ಲ್ ಅನ್ನುವುದನ್ನು ಇಂಗ್ಲಿಷಿನವರು ಅಂಕಲ್ ಅಂದು ಸುಮ್ಮನಾಗುತ್ತಾರೆ. ನಮ್ಮ ಭಾಷೆಯಲ್ಲಿ ಯಾವ ಕಡೆಯ ಸಂಬಂಧ ಅಂತ ಕೇಳದೆ ಮುಂದೆ ಹೋಗಲು ಆಗುವುದಿಲ್ಲವಲ್ಲ. ಉಲೋ ಇದರಲ್ಲಿ ಬರುವ ಮನೆಯ ಯಜಮಾನಿಯ ಅಣ್ಣನೋ ತಮ್ಮನೋ, ಅಂತೂ ಒಡಹುಟ್ಟಿದವನು. ಅಂದರೆ ಹುಡುಗ ಜೆರಾರ್‌ಗೆ ಸೋದರಮಾವ. ಈ ಒಂದು ಪದ ತಲೆಯಲ್ಲಿ ಇಟ್ಟುಕೊಂಡು ನೋಡಿದರೆ ಸಿನಿಮಾ ಇನ್ನಷ್ಟು ಹತ್ತಿರ ಆಗುತ್ತದೆ. ಅಪ್ಪ ಅಮ್ಮನ ಮನೆಯಲ್ಲಿ ಶಿಸ್ತು, ಮಾವನ ಜೊತೆ ಹೊರಗೆ ಹೋದರೆ ಬೀದಿ, ಮಣ್ಣು, ತಿಂಡಿ, ಪುಂಡಾಟ. ಸೋದರಮಾವ ಇರುವುದೇ ಅದಕ್ಕೆ.

ಅಪ್ಪ ಅಮ್ಮನ ಮನೆ, ಅದೇ ಆರ್ಪೆಲ್ ದಂಪತಿಯ ವಿಲ್ಲಾ, ಪೂರ್ತಿ ಮಾಡರ್ನ್. ಅದರ ವಿನ್ಯಾಸ ಚಿತ್ರಕಲಾವಿದ ಜಾಕ್ ಲಾಗ್ರಾಂಜ್ ಅವರದು, ಸೆಟ್ ಹಾಕಿದ್ದು ನೀಸ್ ಊರಿನ ವಿಕ್ಟೋರಿನ್ ಸ್ಟುಡಿಯೋದಲ್ಲಿ. ಅಂಗಳದ ನಡುವೆ ಲೋಹದ ಒಂದು ಮೀನು ನಿಂತಿದೆ, ಬಾಯಿಂದ ನೀರು ಚಿಮ್ಮಿಸುವ ಕಾರಂಜಿ. ಅದನ್ನು ಸದಾ ಬಿಡುವುದಿಲ್ಲ. ಗೇಟಿನ ಗಂಟೆ ಹೊಡೆದರೆ ಯಜಮಾನಿ ಓಡಿ ಸ್ವಿಚ್ ಒತ್ತುತ್ತಾಳೆ, ಮೀನು ‘ಗಳಗಳ’ ಅಂತ ಕೆಮ್ಮಿ ನೀರು ಕಾರುತ್ತದೆ. ಬಂದವನು ಸಾಮಾನು ತಂದವನೋ, ತನ್ನ ಒಡಹುಟ್ಟಿದವನೋ ಅಂತ ಗೊತ್ತಾದರೆ ತಕ್ಷಣ ಬಂದ್. ಆ ನೀರಿನ ಸದ್ದೊಂದೇ ಸಾಕು, ಬಂದವರಿಗೆ ಆ ಮನೆಯಲ್ಲಿ ಎಷ್ಟು ಬೆಲೆ ಅಂತ ತಿಳಿಯಲು. ಅಡುಗೆಮನೆ ಆಸ್ಪತ್ರೆ ಥರ ಬೆಳ್ಳಗೆ, ಎಲ್ಲಿ ಮುಟ್ಟಿದರೂ ಗುಂಯ್‌ಗುಡುತ್ತದೆ. ಉಲೋ ಒಬ್ಬನೇ ಒಳಗೆ ಹೋಗಿ ಒಂದು ಜಗ್ ಬೀಳಿಸುತ್ತಾನೆ, ಅದು ಒಡೆಯದೆ ಪುಟಿಯುತ್ತದೆ. ಖುಷಿಯಾಗಿ ಮತ್ತೆ ಪುಟಿಸುತ್ತಾನೆ. ಆಮೇಲೆ ಒಂದು ಲೋಟ ತೆಗೆದು ಅದನ್ನೂ ಬಿಡುತ್ತಾನೆ. ಅದು ಗಾಜು.

ಉಲೋ ಇರುವ ಹಳೇ ಬಡಾವಣೆಯಲ್ಲಿ ಸದ್ದು ಪೂರ್ತಿ ಬೇರೆ. ಪ್ಯಾರಿಸ್ ಪಕ್ಕದ ಸ್ಯಾಂ ಮೋರ್ ಊರಿನಲ್ಲಿ ಅದನ್ನು ಚಿತ್ರಿಸಿದ್ದು. ಸಂತೆಯ ಗಲಾಟೆ, ನಾಯಿಗಳು, ಕಸ ಗುಡಿಸಲು ನಿಂತು ಗುಡಿಸದೆ ಮಾತಿಗೆ ನಿಲ್ಲುವ ಮನುಷ್ಯ. ಉಲೋ ತನ್ನ ಕೋಣೆಯ ಕಿಟಕಿ ತೆರೆದರೆ ಗಾಜಿನ ಮೇಲೆ ಬಿದ್ದ ಬಿಸಿಲು ಎದುರು ಗೋಡೆಯ ಪಂಜರದ ಹಕ್ಕಿಯ ಮೇಲೆ ಹೋಗಿ ಬೀಳುತ್ತದೆ, ಹಕ್ಕಿ ಹಾಡುತ್ತದೆ. ಕಿಟಕಿ ಸರಿಸಿದರೆ ಹಾಡು ನಿಲ್ಲುತ್ತದೆ. ಅವನು ಅದನ್ನು ಮತ್ತೆ ಬೇಕಾದ ಕೋನಕ್ಕೆ ಸರಿಮಾಡಿ ಇಟ್ಟು ಹೊರಗೆ ಹೋಗುತ್ತಾನೆ. ಒಟ್ಟು ಅರ್ಧ ನಿಮಿಷ ಕೂಡ ಇರಲಿಕ್ಕಿಲ್ಲ. ನನಗೆ ಕಣ್ಣು ತುಂಬಿ ಬಂತು.

ಈ ಸಿನಿಮಾದ ಕೊನೆಯ ಬಗ್ಗೆಯೂ ಹೇಳಲೇಬೇಕು, ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಹುಡುಗರಿಗೆ ಒಂದು ಆಟ ಇದೆ: ದಾರಿಯಲ್ಲಿ ಹೋಗುವವರಿಗೆ ಶಿಳ್ಳೆ ಹಾಕುವುದು, ಅವರು ಯಾರಪ್ಪಾ ಅಂತ ತಿರುಗಿ ನೋಡುತ್ತಾ ದೀಪದ ಕಂಬಕ್ಕೆ ‘ಟಣ್’ ಅಂತ ಡಿಕ್ಕಿ ಹೊಡೆಯುವುದು. ಕೊನೆಯಲ್ಲಿ ಉಲೋನನ್ನು ದೂರದ ಊರಿಗೆ ಕಳಿಸಲು ಅಪ್ಪ ಮಗ ಏರ್‌ಪೋರ್ಟಿಗೆ ಬರುತ್ತಾರೆ. ಉಲೋನನ್ನು ಕರೆಯಲು ಅಪ್ಪ ಶಿಳ್ಳೆ ಹಾಕುತ್ತಾನೆ. ಯಾರೋ ತಿರುಗಿ ನೋಡಿ ಕಂಬಕ್ಕೆ ಬಡಿದುಕೊಳ್ಳುತ್ತಾನೆ. ಇಡೀ ಸಿನಿಮಾದಲ್ಲಿ ಮಗನ ಜೊತೆ ಏನು ಮಾತಾಡಬೇಕು ಅಂತ ತಿಳಿಯದೆ ಒದ್ದಾಡಿದ ಆ ಅಪ್ಪ, ಮಗನ ಜೊತೆ ಕಾರಿನ ಮರೆಗೆ ಅಡಗುತ್ತಾನೆ. ಮಗ ಅಪ್ಪನ ಕೈ ಹಿಡಿಯುತ್ತಾನೆ. ಒಂದು ಶಿಳ್ಳೆ, ಒಂದು ಟಣ್. ಇದನ್ನು ಮಾತಿನಲ್ಲಿ ಬರೆದಿದ್ದರೆ ಎರಡು ಪುಟದ ಸಂಭಾಷಣೆ ಬೇಕಾಗುತ್ತಿತ್ತು. ಈ ಸಿನಿಮಾಕ್ಕೆ ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್ ಬಂತು, 1958ರ ಕಾನ್ ಚಲನಚಿತ್ರೋತ್ಸವದಲ್ಲಿ ವಿಶೇಷ ಜ್ಯೂರಿ ಬಹುಮಾನವೂ ಬಂತು.

ಈಗ ಸಬ್‌ಟೈಟಲ್ ವಿಷಯ. ನನ್ನ ಒಂದೇ ದೊಡ್ಡ ಸಲಹೆ: ಮೊದಲ ಸಲ ಹಾಕಿಕೊಳ್ಳಿ, ಎರಡನೇ ಸಲ ತೆಗೆದುಬಿಡಿ. ತಾತಿ ಮಾತನ್ನು ಬೇಕಂತಲೇ ಹಿಂದಕ್ಕೆ ತಳ್ಳಿದ್ದಾರೆ. ಸಬ್‌ಟೈಟಲ್ ಅದನ್ನು ಎಳೆದು ತಂದು ಪರದೆಯ ಮುಂಭಾಗದಲ್ಲಿ ಕೂರಿಸುತ್ತದೆ. "ನಮಸ್ಕಾರ", "ಈ ಕಡೆ ಬನ್ನಿ", "ಎಲ್ಲಾ ಒಂದಕ್ಕೊಂದು ಹೊಂದಿಕೊಂಡಿದೆ" ಅನ್ನುವಂಥ ಸಾಲುಗಳನ್ನು ಓದುತ್ತಾ ಕೂತರೆ ಮೇಲಿನ ಎಡ ಮೂಲೆಯಲ್ಲಿ ನಡೆಯುವುದು ತಪ್ಪಿಹೋಗುತ್ತದೆ. ‘ಪ್ಲೇಟೈಮ್’ನಲ್ಲಂತೂ ಫ್ರೆಂಚ್, ಇಂಗ್ಲಿಷ್, ಜರ್ಮನ್ ಎಲ್ಲಾ ಕಲಸಿಕೊಂಡಿವೆ, ಫ್ರೆಂಚರಿಗೇ ಅರ್ಧ ಅರ್ಥವಾಗಲಿ ಅಂತ ಮಾಡಿದ್ದು. ಭಾಷೆ ಬರದ ನಮಗೆ ಇದರಿಂದ ನಷ್ಟ ಇಲ್ಲ.

‘ಪ್ಲೇಟೈಮ್’ ಹಿಂದಿನ ಕಥೆ ದೊಡ್ಡದು. ಪ್ಯಾರಿಸ್‌ನ ಹೊರಗೆ ತಾತಿ ಒಂದು ಊರನ್ನೇ ಕಟ್ಟಿಸಿದರು. ಅದಕ್ಕೆ ‘ತಾತಿವಿಲ್’ ಅಂತಲೇ ಹೆಸರು ಬಿತ್ತು. ರಸ್ತೆ, ಗಾಜಿನ ಕಟ್ಟಡ, ಅದಕ್ಕೆ ಬೇಕಾದ ಕರೆಂಟಿನ ವ್ಯವಸ್ಥೆ, ಎಲ್ಲಾ. ಕೆಲವು ಕಡೆ ಹಿಂದೆ ನಿಂತಿರುವ ಜನ ನಿಜವಾದ ಜನವೇ ಅಲ್ಲ, ಆಳೆತ್ತರದ ಫೋಟೋ ಕಟ್‌ಔಟ್‌ಗಳು. ಎರಡನೇ ಸಲ ನೋಡುವಾಗ ಅವನ್ನು ಹುಡುಕುವುದೇ ಒಂದು ಆಟ. ಚಿತ್ರೀಕರಣ 1964ರಲ್ಲಿ ಶುರುವಾಗಿ ವರ್ಷಗಟ್ಟಲೆ ಎಳೆಯಿತು. ಸಿನಿಮಾ 1967ರ ಡಿಸೆಂಬರಿನಲ್ಲಿ, 70 ಎಂಎಂನಲ್ಲಿ, ಸ್ಟೀರಿಯೋ ಸೌಂಡಿನೊಂದಿಗೆ ಬಂತು. ಓಡಲಿಲ್ಲ. ಸಾಲ ತೀರಿಸಲಾಗದೆ ತಾತಿ ತಮ್ಮ ಸಿನಿಮಾಗಳ ಹಕ್ಕುಗಳನ್ನೇ ಕಳೆದುಕೊಂಡರು. ಆ ಊರನ್ನೂ ಕೆಡವಿದರು. ಇದನ್ನು ಓದಿದ ಮೇಲೆ ಆ ಗಾಜಿನ ಬಾಗಿಲುಗಳನ್ನು ನೋಡುವಾಗ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. 2002ರಲ್ಲಿ ರಿಸ್ಟೋರ್ ಆದ ಪ್ರಿಂಟನ್ನು ಕಾನ್‌ನಲ್ಲಿ ತೋರಿಸಿದರು. ಈಗ ಡಿಸ್ಕ್‌ನಲ್ಲಿ ನೋಡುತ್ತಿರುವ ಚಿತ್ರದ ಸ್ಪಷ್ಟತೆ ನನಗೆ ಆಶ್ಚರ್ಯ ತಂದಿತು, ದೂರದ ಕಿಟಕಿಯಲ್ಲಿ ಕೂತವರ ಕೈ ಬೆರಳೂ ಕಾಣುತ್ತವೆ.

ಇದರಲ್ಲಿ ಮೌನವೂ ಒಂದು ತಮಾಷೆ. ವಸ್ತುಪ್ರದರ್ಶನದಲ್ಲಿ ಒಬ್ಬ ಜರ್ಮನ್ ವ್ಯಾಪಾರಿ ಸದ್ದೇ ಮಾಡದ ಬಾಗಿಲು ಮಾರುತ್ತಾನೆ. ಯಾರೋ ಮಾಡಿದ ತಪ್ಪಿಗೆ ಉಲೋ ಮೇಲೆ ರೇಗಿ, ಕೆಂಪಗಾಗಿ, ಬಾಗಿಲನ್ನು ಬಲವಾಗಿ ಬಡಿಯುತ್ತಾನೆ. ಏನೂ ಕೇಳುವುದಿಲ್ಲ. ಸಿಟ್ಟು ಬಂದವನಿಗೆ ಬಾಗಿಲು ‘ದಢಾರ್’ ಅನ್ನಲಿಲ್ಲ ಅಂದರೆ ಸಿಟ್ಟು ಎಲ್ಲಿಗೆ ಹೋಗಬೇಕು? ಸಂಜೆ ಒಂದು ಅಪಾರ್ಟ್‌ಮೆಂಟ್ ದೃಶ್ಯ. ಕ್ಯಾಮೆರಾ ರಸ್ತೆಯಲ್ಲೇ ನಿಂತಿದೆ, ದೊಡ್ಡ ಗಾಜಿನ ಆಚೆಗೆ ಮನೆಗಳು, ಪಕ್ಕಪಕ್ಕ. ಒಳಗಿನ ಒಂದು ಮಾತೂ ನಮಗೆ ಕೇಳುವುದಿಲ್ಲ, ಕೇಳುವುದು ರಸ್ತೆಯ ವಾಹನಗಳ ಸದ್ದು ಮಾತ್ರ. ಎರಡೂ ಮನೆಯವರು ನಡುಗೋಡೆಯಲ್ಲಿರುವ ತಮ್ಮ ತಮ್ಮ ಟಿವಿ ನೋಡುತ್ತಿದ್ದಾರೆ, ಆದರೆ ಹೊರಗಿನಿಂದ ನೋಡುವ ನಮಗೆ ಅವರು ಒಬ್ಬರನ್ನೊಬ್ಬರು ನೋಡಿ ಮುಖ ಮಾಡುತ್ತಿರುವ ಹಾಗೆ ಕಾಣುತ್ತದೆ. ದೃಶ್ಯ ಉದ್ದ ಇದೆ. ಮೊದಲ ಸಲ ತಂಗಿಗೆ ಸೌಂಡ್ ಕೆಟ್ಟಿದೆ ಅನ್ನಿಸಿ ರಿಮೋಟ್ ಹುಡುಕಿದಳು. ಕೆಟ್ಟಿಲ್ಲ, ಕಾಯಿರಿ.

ಆಮೇಲೆ ‘ರಾಯಲ್ ಗಾರ್ಡನ್’ ಅನ್ನುವ ರೆಸ್ಟೋರೆಂಟು. ಆವತ್ತೇ ಉದ್ಘಾಟನೆ, ಬಡಗಿಗಳು ಇನ್ನೂ ಹೊರಗೆ ಹೋಗಿಲ್ಲ. ನೆಲದ ಹೆಂಚು ವೇಟರ್ ಶೂಗೆ ಅಂಟಿಕೊಂಡು ಬರುತ್ತದೆ, ಕುರ್ಚಿಯ ಬೆನ್ನಿನ ಕಿರೀಟದ ಗುರುತು ಕೂತವರ ಕೋಟಿನ ಮೇಲೆ ಮೂಡುತ್ತದೆ. ಒಂದು ಮೀನಿನ ತಟ್ಟೆಗೆ ಒಬ್ಬರಾದ ಮೇಲೆ ಒಬ್ಬರು ವೇಟರ್ ಬಂದು ಮಸಾಲೆ ಹಾಕುತ್ತಲೇ ಇರುತ್ತಾರೆ, ಅದನ್ನು ತಿನ್ನಬೇಕಾದವರು ಎದ್ದು ಬೇರೆ ಕಡೆ ಹೋಗಿದ್ದಾರೆ. ಗಾಜಿನ ಬಾಗಿಲು ಪುಡಿಪುಡಿ ಆಗುತ್ತದೆ. ಬಾಗಿಲು ಕಾಯುವವನು ಬರೀ ಹಿಡಿಕೆಯನ್ನು ಗಾಳಿಯಲ್ಲಿ ಹಿಡಿದು ತೆರೆದು ಮುಚ್ಚುವ ಅಭಿನಯ ಮಾಡುತ್ತಾನೆ, ಬರುವವರೆಲ್ಲ ಅದನ್ನು ನಂಬಿ ಒಳಗೆ ಬರುತ್ತಾರೆ. ಈ ರಾತ್ರಿ ಸುಮಾರು ಮುಕ್ಕಾಲು ಗಂಟೆ ನಡೆಯುತ್ತದೆ. ಶುರುವಿನಲ್ಲಿ ಚಮಚದ ಕಿಣಿಕಿಣಿ, ಮೆಲ್ಲನೆ ಮಾತು. ಬರಬರುತ್ತಾ ವಾದ್ಯ ಜೋರಾಗುತ್ತದೆ, ಮೇಲಿನ ಅಲಂಕಾರ ಕುಸಿಯುತ್ತದೆ, ಅಲ್ಲಿಂದ ಜನ ನಿಜವಾಗಿ ಖುಷಿಪಡಲು ಶುರುಮಾಡುತ್ತಾರೆ. ಮೊದಲ ಅರ್ಧದಲ್ಲಿ ನೆಟ್ಟಗೆ ನಡೆಯುತ್ತಿದ್ದ ಅದೇ ಜನ ಈಗ ವಕ್ರವಕ್ರವಾಗಿ ಕುಣಿಯುತ್ತಾರೆ. ತಾತಿಗೆ ಹೊಸ ಕಾಲದ ಮೇಲೆ ಬರೀ ಸಿಟ್ಟು ಅಂತ ಹೇಳುವವರು ಈ ಮುಕ್ಕಾಲು ಗಂಟೆಯನ್ನು ಮತ್ತೆ ನೋಡಬೇಕು. ಗಾಜಿನ ಊರನ್ನು ಅವರು ದೂರುತ್ತಾ ಕೂರುವುದಿಲ್ಲ, ಅದರೊಳಗೆ ಜನ ಹೇಗೋ ತಮ್ಮ ಜಾಗ ಮಾಡಿಕೊಳ್ಳುವುದನ್ನು ಪ್ರೀತಿಯಿಂದ ನೋಡುತ್ತಾರೆ.

ಉಳಿದ ಮೂರು ಬೇಗ ಹೇಳುತ್ತೇನೆ. ‘ಜೂರ್ ದ ಫೆತ್’ ಹಳ್ಳಿಯ ಪೋಸ್ಟ್‌ಮ್ಯಾನ್ ಫ್ರಾಂಸ್ವಾನ ಕಥೆ. ಜಾತ್ರೆಯ ಡೇರೆಯಲ್ಲಿ ಅಮೆರಿಕದ ಅಂಚೆಯವರ ವೇಗದ ಬಗ್ಗೆ ಒಂದು ಸಿನಿಮಾ ನೋಡಿ ಅವನೂ ಸೈಕಲ್ ಮೇಲೆ ಅದೇ ವೇಗಕ್ಕೆ ಬೀಳುತ್ತಾನೆ. ಇದರಲ್ಲಿ ಒಂದು ಜೇನ್ನೊಣದ ದೃಶ್ಯ ಇದೆ. ದೂರದ ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುವವನು ಸುಮ್ಸುಮ್ನೆ ಕೈ ಬೀಸುತ್ತಾನೆ, ಹತ್ತಿರದಲ್ಲಿ ಹೊಲದವನು ಇವನಿಗೇನಾಯಿತು ಅಂತ ನೋಡುತ್ತಾನೆ. ‘ಗುಂಯ್’ ಸದ್ದು ಹತ್ತಿರ ಬರುತ್ತದೆ, ಈಗ ಹೊಲದವನು ಕೈ ಬೀಸುತ್ತಾನೆ. ನೊಣ ಒಮ್ಮೆಯೂ ಕಾಣುವುದಿಲ್ಲ, ನಾವು ಅದನ್ನು ಪೂರ್ತಿ ನೋಡಿದ್ದೇವೆ ಅನ್ನಿಸುತ್ತದೆ. 1947ರಲ್ಲಿ ಇದನ್ನು ಎರಡು ಕ್ಯಾಮೆರಾದಲ್ಲಿ ತೆಗೆದರು, ಒಂದು ಹೊಸ ಬಗೆಯ ಬಣ್ಣದ್ದು, ಇನ್ನೊಂದು ಕಪ್ಪು ಬಿಳುಪು. ಬಣ್ಣದ ರೀಲನ್ನು ಆಗ ಪ್ರಿಂಟ್ ಮಾಡಲಾಗದೆ ಕಪ್ಪು ಬಿಳುಪಿನದೇ ಬಿಡುಗಡೆ ಆಯಿತು. ಬಣ್ಣದ್ದು ಬೆಳಕು ಕಂಡಿದ್ದು 1995ರಲ್ಲಿ, ತಾತಿ ತೀರಿಕೊಂಡು 13 ವರ್ಷದ ಮೇಲೆ, ಮಗಳು ಸೋಫಿ ತಾತಿಶೆಫ್ ಅವರ ಶ್ರಮದಿಂದ. ಸೆಟ್‌ನಲ್ಲಿ ಎರಡೂ ಇವೆ. ನನಗೆ ಕಪ್ಪು ಬಿಳುಪೇ ಹೆಚ್ಚು ಹಿಡಿಸಿತು.

‘ತ್ರಾಫಿಕ್’ (1971) ಸ್ವಲ್ಪ ಎಳೆದ ಹಾಗಿದೆ. ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ನ ಪ್ರದರ್ಶನಕ್ಕೆ ಒಂದು ಕ್ಯಾಂಪಿಂಗ್ ಕಾರು ತೆಗೆದುಕೊಂಡು ಹೋಗುವ ಪ್ರಯಾಣ. ಆದರೆ ಮಳೆಯಲ್ಲಿ ವೈಪರ್‌ಗಳು ಒಂದೊಂದು ಕಾರಿನಲ್ಲಿ ಒಂದೊಂದು ಲಯದಲ್ಲಿ, ಒಳಗೆ ಕೂತವರ ಸ್ವಭಾವಕ್ಕೆ ತಕ್ಕ ಹಾಗೆ ಆಡುವ ಭಾಗ ಒಂದಕ್ಕಾಗಿ ನೋಡಬಹುದು. ‘ಪರಾದ್’ ಸ್ವೀಡನ್ನಿನ ಟಿವಿಗಾಗಿ ಮಾಡಿದ ಸರ್ಕಸ್ ಸಿನಿಮಾ. ಚಿತ್ರದ ಗುಣಮಟ್ಟ ಸಾಧಾರಣ. ಅರವತ್ತು ದಾಟಿದ ತಾತಿ ತಮ್ಮ ಹಳೆಯ ಆಟಗಾರರ ಮೂಕಾಭಿನಯವನ್ನು ಮತ್ತೆ ಮಾಡುವುದು ನೋಡಲು ಸಿಗುತ್ತದೆ, ಅದು ಸಾಕು.

ಸೆಟ್‌ನ ಬಗ್ಗೆ ಒಂದೆರಡು ದೂರು. ಡಿಸ್ಕ್‌ಗಳನ್ನು ಬಿಗಿಯಾದ ರಟ್ಟಿನ ಜೇಬಿನಲ್ಲಿ ಇಟ್ಟಿದ್ದಾರೆ. ಎಳೆದು ತೆಗೆಯುವಾಗ ಬೆರಳಚ್ಚು ಗ್ಯಾರಂಟಿ, ನನ್ನ ಒಂದು ಡಿಸ್ಕ್‌ಗೆ ಸಣ್ಣ ಗೀರು ಕೂಡ ಬಿದ್ದಿದೆ, ಪುಣ್ಯಕ್ಕೆ ಓಡುತ್ತದೆ. ಬೇರೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಮೆನು ತೆರೆದ ತಕ್ಷಣ ಸಂಗೀತ ಸಿನಿಮಾಕ್ಕಿಂತ ಜಾಸ್ತಿ ಜೋರಾಗಿ ಬರುತ್ತದೆ, ರಾತ್ರಿ ನೋಡುವವರು ಮೊದಲೇ ವಾಲ್ಯೂಮ್ ಇಳಿಸಿಕೊಂಡಿರಿ. ಹಾಗೆಯೇ ಒಂದೇ ಸಿನಿಮಾದ ಬೇರೆ ಬೇರೆ ರೂಪಗಳು ಒಂದೇ ಡಿಸ್ಕ್‌ನಲ್ಲಿ ಇವೆ, ಯಾವುದು ಯಾವುದು ಅಂತ ಹೊರಗಡೆ ಸ್ಪಷ್ಟವಾಗಿ ಬರೆದಿಲ್ಲ. ಉಲೋನ ರಜೆಯನ್ನು ತಾತಿ 1962ರಲ್ಲಿ ಒಮ್ಮೆ, 1978ರಲ್ಲಿ ಇನ್ನೊಮ್ಮೆ ತಿದ್ದಿದರು. ಕೊನೆಯ ತಿದ್ದುಪಡಿಯಲ್ಲಿ ಅರ್ಧಕ್ಕೆ ಮಡಚಿಕೊಂಡ ದೋಣಿಯನ್ನು ಶಾರ್ಕ್ ಅಂದುಕೊಂಡು ತೀರದ ಜನ ಓಡುವ ಶಾಟ್‌ಗಳು ಸೇರಿವೆ. ಮೊದಲ ಸಲ ನೋಡುವವರು 1978ರದ್ದನ್ನೇ ಹಾಕಿ.

ಯಾವುದರಿಂದ ಶುರುಮಾಡಬೇಕು ಅಂತ ಕೇಳಿದರೆ, ಉಲೋನ ರಜೆ, ಆಮೇಲೆ ‘ಮೊನ್ ಓಂಕ್ಲ್’. ‘ಪ್ಲೇಟೈಮ್’ ಅನ್ನು ಮೊದಲೇ ಹಾಕಬೇಡಿ, ಕಿವಿ ಪಳಗಿರಬೇಕು. ಸ್ಪೀಕರ್‌ನಲ್ಲಿ ಬಾಸ್ ಏರಿಸುವ ಅಭ್ಯಾಸ ಇದ್ದರೆ ಇಲ್ಲಿ ಬೇಡ, ಸಣ್ಣ ಸದ್ದುಗಳು ಮುಳುಗಿಹೋಗುತ್ತವೆ. ಮಕ್ಕಳ ಜೊತೆ ಧಾರಾಳವಾಗಿ ನೋಡಬಹುದು, ಅವರಿಗೆ ಭಾಷೆಯ ಚಿಂತೆಯೇ ಇರುವುದಿಲ್ಲ.

‘ಪ್ಲೇಟೈಮ್’ ಮೂರನೇ ಸಲ ನೋಡಿದ್ದು ಕಳೆದ ವಾರ, ಸಬ್‌ಟೈಟಲ್ ಇಲ್ಲದೆ. ಕೊನೆಯಲ್ಲಿ ವೃತ್ತದ ಸುತ್ತ ಕಾರು, ಬಸ್ಸು ಎಲ್ಲಾ ಜಾತ್ರೆಯ ಕುದುರೆಗಳ ಹಾಗೆ ನಿಧಾನಕ್ಕೆ ಸುತ್ತುತ್ತವೆ, ಅದಕ್ಕೆ ತಕ್ಕ ಸಂಗೀತ. ಒಮ್ಮೆ ಎಲ್ಲಾ ನಿಂತುಬಿಡುತ್ತದೆ. ಯಾರೋ ಪಾರ್ಕಿಂಗ್ ಮೀಟರಿಗೆ ನಾಣ್ಯ ಹಾಕುತ್ತಾನೆ, ಸಂಗೀತವೂ ವಾಹನಗಳೂ ಮತ್ತೆ ಶುರು. ಕಿಟಕಿ ಒರೆಸುವವನು ಗಾಜನ್ನು ವಾಲಿಸಿದರೆ ಅದರಲ್ಲಿ ಕಾಣುವ ಬಸ್ಸು ಮೇಲೆ ಕೆಳಗೆ ತೂಗುತ್ತದೆ, ಒಳಗಿನವರು "ಓಓಓ" ಅನ್ನುತ್ತಾರೆ. ಆ ಬಸ್ಸಿನಲ್ಲಿ ಊರಿಗೆ ಹೊರಟ ಹುಡುಗಿ ಉಲೋ ಕಳಿಸಿದ ಸಣ್ಣ ಪೊಟ್ಟಣ ಬಿಚ್ಚುತ್ತಾಳೆ. ಒಂದು ಸ್ಕಾರ್ಫು, ಒಂದು ಪ್ಲಾಸ್ಟಿಕ್ ಹೂವಿನ ಕಡ್ಡಿ. ಕಡ್ಡಿಯನ್ನು ಎತ್ತಿ ಹಿಡಿದಾಗ ಕಿಟಕಿಯ ಆಚೆ ಬೀದಿದೀಪಗಳು ಸಾಲಾಗಿ ಹೋಗುತ್ತವೆ, ಅದೇ ಹೂವಿನ ಆಕಾರದಲ್ಲಿ ಬಾಗಿಕೊಂಡು. ಮೊದಲ ಎರಡು ಸಲವೂ ನಾನು ಅದನ್ನು ನೋಡಿರಲಿಲ್ಲ. ತಂಗಿ ತೋರಿಸಿದಳು.